ಆಲ್ಫಾ 0.9 ದಾಟಿದೆ, ಆದರೆ ನಾನು ಅಳೆದದ್ದು ಏನನ್ನು?

ಶಿರಾದ ಸಂಶೋಧಕಿ:

ಎಲ್ಲರಿಗೂ ನಮಸ್ಕಾರ. ನಾನು ಸಮಾಜಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ. ಸ್ತ್ರೀಶಕ್ತಿ ಸ್ವಸಹಾಯ ಗುಂಪುಗಳಲ್ಲಿರುವ ಮಹಿಳೆಯರಿಗೆ ಮನೆಯೊಳಗಿನ ತೀರ್ಮಾನಗಳಲ್ಲಿ ಎಷ್ಟು ಪಾಲಿದೆ ಎಂಬುದು ನನ್ನ ವಿಷಯ. ಇಂಗ್ಲಿಷಿನಲ್ಲಿ ಸಿದ್ಧವಾಗಿದ್ದ 24 ಹೇಳಿಕೆಗಳ ಮಾಪನಿಯೊಂದನ್ನು ಕನ್ನಡಕ್ಕೆ ತಂದು, ‘ಸಂಪೂರ್ಣವಾಗಿ ಒಪ್ಪುತ್ತೇನೆ’ ಎಂಬಲ್ಲಿಂದ ‘ಖಂಡಿತ ಒಪ್ಪುವುದಿಲ್ಲ’ ಎಂಬವರೆಗೆ ಐದು ಹಂತಗಳನ್ನಿಟ್ಟು, ಎರಡು ಹಳ್ಳಿಗಳಲ್ಲಿ 40 ಮಹಿಳೆಯರೊಂದಿಗೆ ಪೂರ್ವಪರೀಕ್ಷೆ ಮಾಡಿದೆ. ಉತ್ತರಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂದು ತೋರಿಸುವ ಕ್ರಾನ್‌ಬಾಕ್ ಆಲ್ಫಾ ಎಂಬ ಸಂಖ್ಯೆ 0.9 ದಾಟಿತು. 0.7 ಇದ್ದರೆ ಸಾಕು, ಇನ್ನು ತಡಮಾಡದೆ 400 ಜನರ ಸಂದರ್ಶನ ಶುರುಮಾಡಿ ಎಂದು ಮಾರ್ಗದರ್ಶಕರು ಹೇಳಿದ್ದಾರೆ.

ನನಗೆ ಮುಂದುವರಿಯಲು ಧೈರ್ಯ ಬರುತ್ತಿಲ್ಲ. ಎರಡನೆಯ ಹಳ್ಳಿಯಲ್ಲಿ ಒಬ್ಬರು ಅಂಗಳದಲ್ಲಿ ಕುಳಿತು ರಾಗಿ ಕೇರುತ್ತಿದ್ದರು, ಅವರ ಅತ್ತೆ ಜಗಲಿಯ ಮೇಲೆ ಕುಳಿತು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ನಾನು ಒಂದೊಂದೇ ಹೇಳಿಕೆ ಓದುತ್ತ ಹೋದೆ, ಮೊರ ನಿಲ್ಲಲಿಲ್ಲ, ಎಲ್ಲಕ್ಕೂ “ಹೂಂ” ಎಂಬ ಉತ್ತರವೇ ಬಂದಿತು. ಇಂಗ್ಲಿಷ್ ಮಾಪನಿಯ 24 ಹೇಳಿಕೆಗಳೂ ಒಂದೇ ದಿಕ್ಕಿನವು, ಅಂದರೆ ಒಪ್ಪಿದಷ್ಟೂ ಅಧಿಕಾರ ಹೆಚ್ಚು ಎಂದು ಲೆಕ್ಕ. ಅನುಮಾನ ಬಂದು ಆ ಮನೆಯಲ್ಲಿ ಕೊನೆಗೆ ನಾನೇ ಒಂದು ಸೇರಿಸಿ, “ಮನೆಯ ದೊಡ್ಡ ಖರ್ಚನ್ನು ಗಂಡಸರೇ ತೀರ್ಮಾನಿಸುವುದು ಸರಿ” ಎಂದೆ. “ಹೂಂ, ಬರ್ಕಳವ್ವ” ಎಂದರು. ಹತ್ತು ನಿಮಿಷದ ಹಿಂದೆ ಇದಕ್ಕೆ ನೇರ ವಿರುದ್ಧವಾದ ಹೇಳಿಕೆಗೂ ಅವರು ಅದೇ ಧ್ವನಿಯಲ್ಲಿ ಹೂಂಗುಟ್ಟಿದ್ದರು. ಆಮೇಲೆ ಹೋದ ಐದಾರು ಮನೆಗಳಲ್ಲೂ ಹೆಚ್ಚುಕಡಿಮೆ ಹೀಗೆಯೇ ಆಯಿತು.

ಆಲ್ಫಾ ಇಷ್ಟು ಚೆನ್ನಾಗಿ ಬಂದಿರುವಾಗ ನಾನು ಸುಮ್ಮನೆ ಹೆದರುತ್ತಿದ್ದೇನೆಯೇ? ಅನುಭವಸ್ಥರು ದಯವಿಟ್ಟು ತಿಳಿಸಿ.

ಸಂಖ್ಯಾಶಾಸ್ತ್ರದ ಮೇಷ್ಟ್ರು, ಧಾರವಾಡ:

ನಿಮ್ಮ ಹೆದರಿಕೆ ಸರಿಯಾಗಿಯೇ ಇದೆ. ಆಲ್ಫಾ ಹೇಳುವುದು ಒಂದೇ ಮಾತು: ನಿಮ್ಮ ಹೇಳಿಕೆಗಳಿಗೆ ಬಂದ ಉತ್ತರಗಳು ಒಂದಕ್ಕೊಂದು ಎಷ್ಟು ಹೊಂದಿಕೊಂಡು ಏರಿಳಿಯುತ್ತವೆ ಎಂಬುದು. ಹೊಂದಿಕೆಗೆ ಕಾರಣ ಅಧಿಕಾರವೇ ಆಗಬೇಕೆಂದಿಲ್ಲ. ಕೆಲವರು ಎಲ್ಲಕ್ಕೂ ಗಟ್ಟಿಯಾಗಿ ಹೂಂ ಎಂದು, ಇನ್ನು ಕೆಲವರು ಎಲ್ಲಕ್ಕೂ ಅರೆಮನಸ್ಸಿನಿಂದ ಹೂಂ ಎಂದರೂ ಆ ಸಂಖ್ಯೆ ಮೇಲೇರುತ್ತದೆ, ಏಕೆಂದರೆ ನೀವು ಅಲ್ಲಿ ಅಳೆಯುತ್ತಿರುವುದು ಹೂಂಗುಟ್ಟುವ ಅಭ್ಯಾಸವನ್ನು, ಮತ್ತು ಆ ಅಭ್ಯಾಸವನ್ನು ನೀವು ಬಹಳ ವಿಶ್ವಾಸಾರ್ಹವಾಗಿ ಅಳೆದಿದ್ದೀರಿ.

ಇನ್ನೊಂದು ವಿಷಯವನ್ನು ಯಾರೂ ಹೇಳಿಕೊಡುವುದಿಲ್ಲ. ಹೇಳಿಕೆಗಳ ಸಂಖ್ಯೆ ಹೆಚ್ಚಿದಂತೆ ಆಲ್ಫಾ ತಾನಾಗಿಯೇ ಏರುತ್ತದೆ. ಹೇಳಿಕೆಗಳ ನಡುವಿನ ಸರಾಸರಿ ಸಹಸಂಬಂಧ, ಅಂದರೆ ಎರಡು ಉತ್ತರಗಳು ಜೊತೆಯಾಗಿ ಏರಿಳಿಯುವ ಪ್ರಮಾಣ, ಬರಿಯ 0.2 ಎಂದಿಟ್ಟುಕೊಳ್ಳಿ. 6 ಹೇಳಿಕೆಗಳಿದ್ದರೆ ಆಲ್ಫಾ 0.60 ಬರುತ್ತದೆ. ಅದೇ ದುರ್ಬಲ ಸಂಬಂಧವುಳ್ಳ 24 ಹೇಳಿಕೆಗಳಿದ್ದರೆ 0.86 ಬರುತ್ತದೆ. ಒಂದೊಂದು ಹೇಳಿಕೆಯ ಗುಣ ಒಂದಿಷ್ಟೂ ಸುಧಾರಿಸಿರುವುದಿಲ್ಲ, ಪ್ರಶ್ನಾವಳಿ ಉದ್ದವಾಗಿರುತ್ತದೆ, ಅಷ್ಟೇ.

ಇನ್ನು 0.7ರ ಮಾತು. ಅದು 1978ರಲ್ಲಿ ನನ್ನಲಿ ಎಂಬ ಮನೋಮಾಪನ ತಜ್ಞರು ಬರೆದದ್ದು, ಅದೂ ಸಂಶೋಧನೆಯ ಆರಂಭದ ಹಂತಕ್ಕೆ ಸಾಕೆಂದು. ವ್ಯಕ್ತಿಯೊಬ್ಬರ ಬದುಕಿನ ಬಗ್ಗೆ ತೀರ್ಮಾನ ಮಾಡುವ ಪರೀಕ್ಷೆಗಳಿಗೆ 0.90 ಸಹ ಕನಿಷ್ಠವೇ ಎಂದು ಅವರೇ ಬರೆದಿದ್ದಾರೆ. ಆ ಎರಡನೆಯ ಮಾತನ್ನು ನಮ್ಮ ಮಹಾಪ್ರಬಂಧಗಳಲ್ಲಿ ನಾನು ಕಂಡಿಲ್ಲ.

ಮಂಡ್ಯದ ಓದುಗ:

ಪ್ರತಿವರ್ಷ ಹತ್ತಾರು ಮಹಾಪ್ರಬಂಧಗಳು ಇದೇ ಒಂದು ಸಂಖ್ಯೆಯ ಮೇಲೆ ಪಾಸಾಗುತ್ತಿವೆ ಎಂದು ನೆನೆದರೆ ಸಂಕಟವಾಗುತ್ತದೆ.

ಬಿ.ಎಡ್. ಉಪನ್ಯಾಸಕಿ:

ನಾವು ಓದಿದ ಪುಸ್ತಕಗಳಲ್ಲಿ ವಿಶ್ವಸನೀಯತೆ ಮತ್ತು ಸಪ್ರಮಾಣತೆ ಎಂಬ ಪದಗಳಿದ್ದವು. ಈಗ ಹಲವರು ವಿಶ್ವಾಸಾರ್ಹತೆ (ಪ್ರತಿ ಸಲವೂ ಅಷ್ಟೇ ಬರುವುದು) ಮತ್ತು ಸಿಂಧುತ್ವ (ಅಳೆಯಬೇಕಾದದ್ದನ್ನೇ ಅಳೆಯುವುದು) ಎಂದು ಬರೆಯುತ್ತಾರೆ. ಪದ ಯಾವುದಾದರೂ ಆಗಲಿ, ತರಗತಿಯಲ್ಲಿ ನಾನು ಸೇರಿನ ಉದಾಹರಣೆ ಕೊಡುತ್ತೇನೆ. ಅಂಗಡಿಯವನ ಸೇರು ತಳ ನೆಗ್ಗಿ ಒಳಕ್ಕೆ ಬಂದಿದೆ ಎಂದುಕೊಳ್ಳೋಣ. ಅದರಲ್ಲಿ ನೂರು ಸಲ ಅಳೆದರೂ ನೂರು ಸಲವೂ ಅಷ್ಟೇ ಅಕ್ಕಿ ಬರುತ್ತದೆ, ಆದರೆ ಒಮ್ಮೆಯೂ ಒಂದು ಸೇರು ಬರುವುದಿಲ್ಲ.

ನಿವೃತ್ತ ಸಮೀಕ್ಷಕ:

ಮೇಡಂ, ಸೇರಿನ ಮಾತು ತೆಗೆದಿರಿ, ಅದನ್ನೇ ಸ್ವಲ್ಪ ಮುಂದುವರಿಸುತ್ತೇನೆ. ಹಳ್ಳಿಗಳಲ್ಲಿ ಪಕ್ಕಾ ಸೇರು, ಕಚ್ಚಾ ಸೇರು ಎಂದು ಬೇರೆಬೇರೆ ಇದ್ದವು. ಒಂದೇ ಸೇರಿನಲ್ಲಿಯೂ ಬಾಯಿಮಟ್ಟಕ್ಕೆ ಸವರಿ ಅಳೆಯುವವರು, ಗೋಪುರ ಕಟ್ಟಿ ಅಳೆಯುವವರು ಎಂದು ಎರಡು ಪದ್ಧತಿ. ನಾನು ಮೂವತ್ತು ವರ್ಷ ಮನೆಮನೆಯ ಸಮೀಕ್ಷೆಯಲ್ಲಿ ದುಡಿದವನು. “ವಾರಕ್ಕೆ ಎಷ್ಟು ಅಕ್ಕಿ ಬೇಕಾಗುತ್ತದೆ?” ಎಂದರೆ “ನಾಲ್ಕು ಸೇರು” ಎನ್ನುತ್ತಿದ್ದರು, ನಾವು ಅದನ್ನು ಕಿಲೋಗ್ರಾಮಿಗೆ ಪರಿವರ್ತಿಸುತ್ತಿದ್ದೆವು. ಯಾವ ಸೇರು, ಸವರಿದ್ದೋ ಗೋಪುರದ್ದೋ ಎಂದು ಕೇಳಿದ ದಿನ ಲೆಕ್ಕ ಬೇರೆ, ಕೇಳದ ದಿನ ಬೇರೆ.

ಆದರೆ ನಾನು ಹೇಳಬೇಕೆಂದಿರುವುದು ಇನ್ನೂ ದೊಡ್ಡ ವಿಷಯ. ಉತ್ತರಗಳ ಹೊಂದಿಕೆಯೇ ಮೋಸ ಮಾಡಬಹುದು ಎಂಬುದಕ್ಕೆ ನಮ್ಮ ದೇಶದಲ್ಲಿಯೇ ಪ್ರಸಿದ್ಧ ನಿದರ್ಶನವಿದೆ. ರಾಷ್ಟ್ರೀಯ ಮಾದರಿ ಸಮೀಕ್ಷೆಯ 55ನೆಯ ಸುತ್ತು, 1999ರ ಜುಲೈಯಿಂದ 2000ದ ಜೂನ್‌ವರೆಗೆ. ಅಲ್ಲಿಯವರೆಗೆ ಮುಖ್ಯ ಸುತ್ತುಗಳಲ್ಲಿ ಆಹಾರದ ಬಳಕೆಯನ್ನು ಕಳೆದ 30 ದಿನಗಳಿಗೆ ಕೇಳಲಾಗುತ್ತಿತ್ತು. ಮೂವತ್ತು ದಿನದ್ದು ಜನರಿಗೆ ನೆನಪಿರುವುದಿಲ್ಲ, 7 ದಿನಕ್ಕೆ ಕೇಳಿದರೆ ಉತ್ತಮ ಎಂಬ ವಾದವಿತ್ತು. ಇದನ್ನು ಪರೀಕ್ಷಿಸಲು 51ರಿಂದ 54ರವರೆಗಿನ ಸಣ್ಣ ಸುತ್ತುಗಳಲ್ಲಿ ಕೆಲವು ಮನೆಗಳಿಗೆ 30 ದಿನದ ಅನುಸೂಚಿ (ಪ್ರಶ್ನೆಗಳ ಹಾಳೆ), ಬೇರೆ ಮನೆಗಳಿಗೆ 7 ದಿನದ ಅನುಸೂಚಿ ಕೊಟ್ಟು ನೋಡಿದರು. 7 ದಿನದ ಅನುಸೂಚಿಯಲ್ಲಿ ಬಳಕೆ ಎದ್ದುಕಾಣುವಷ್ಟು ಹೆಚ್ಚಾಗಿ ಬಂದಿತು. ಆದರೆ 55ನೆಯ ಸುತ್ತಿನಲ್ಲಿ ಎರಡೂ ಪ್ರಶ್ನೆಗಳನ್ನು ಒಂದೇ ಮನೆಗೆ, ಒಂದೇ ಹಾಳೆಯಲ್ಲಿ, ಅಕ್ಕಪಕ್ಕದ ಕಾಲಂಗಳಲ್ಲಿ ಇಟ್ಟುಬಿಟ್ಟರು.

ಆಮೇಲೆ ಏನಾಯಿತೆಂದು ನೀವೇ ಊಹಿಸಬಹುದು. ಗೃಹಿಣಿ 7 ದಿನಕ್ಕೆ ಒಂದು ಲೆಕ್ಕ ಹೇಳುತ್ತಾಳೆ, 30 ದಿನಕ್ಕೆ ಅದನ್ನೇ ನಾಲ್ಕರಿಂದ ಗುಣಿಸಿ ಹೇಳುತ್ತಾಳೆ. ಎರಡೂ ಹೊಂದದಿದ್ದರೆ ಕೇಳುವವನೇ “ಇದು ಹೇಗಮ್ಮ?” ಎನ್ನುತ್ತಾನೆ. ಹಿಂದಿನ ಪ್ರಯೋಗಗಳಲ್ಲಿ ಕಂಡಿದ್ದ ಅಂತರ ಬಹುಮಟ್ಟಿಗೆ ಕರಗಿಹೋಯಿತು. ಎರಡು ಕಾಲಂಗಳು ಹಿಂದೆಂದಿಗಿಂತ ಚೆನ್ನಾಗಿ ಹೊಂದಿಕೊಂಡವು, ಮತ್ತು ಆ ಹೊಂದಿಕೆಯೇ ಸಂಖ್ಯೆಯನ್ನು ಕೆಡಿಸಿತು. ಬಳಕೆ ಹೆಚ್ಚು ಕಂಡಷ್ಟೂ ಬಡತನ ಕಡಿಮೆ ಕಾಣುತ್ತದೆ. 1993-94ರಲ್ಲಿ 36 ಪ್ರತಿಶತವಿದ್ದ ಬಡತನ 26.1 ಪ್ರತಿಶತಕ್ಕೆ ಇಳಿಯಿತೆಂದು ಅಧಿಕೃತವಾಗಿ ಹೇಳಲಾಯಿತು. ಅದರಲ್ಲಿ ಎಷ್ಟು ಭಾಗ ಬಡತನದ ಇಳಿಕೆ, ಎಷ್ಟು ಭಾಗ ಪ್ರಶ್ನಾವಳಿಯ ಬದಲಾವಣೆ ಎಂಬುದರ ಮೇಲೆ ಅರ್ಥಶಾಸ್ತ್ರಜ್ಞ ಆಂಗಸ್ ಡೀಟನ್ ಅವರಿಂದ ಮೊದಲುಗೊಂಡು ಅನೇಕರು ವರ್ಷಗಟ್ಟಲೆ ವಾದಿಸಬೇಕಾಯಿತು.

ಅರ್ಥಶಾಸ್ತ್ರ ಸಂಶೋಧಕ:

ಸರ್, ಒಂದು ಸಣ್ಣ ತಿದ್ದುಪಡಿ. ಎರಡು ಕಾಲಂಗಳ ಪದ್ಧತಿ ಇದ್ದದ್ದು ಆಹಾರ, ಪಾನ್, ತಂಬಾಕು, ಮಾದಕ ಪದಾರ್ಥಗಳಿಗೆ ಮಾತ್ರ. ಬಟ್ಟೆ, ಶಿಕ್ಷಣ, ಬಾಳಿಕೆಯ ವಸ್ತುಗಳಂಥವಕ್ಕೆ ಆ ಸುತ್ತಿನಲ್ಲಿ 365 ದಿನದ ಲೆಕ್ಕವನ್ನಷ್ಟೇ ಕೇಳಿದರು. ಅದೂ ಹಿಂದಿನ ಸುತ್ತುಗಳಿಗಿಂತ ಬೇರೆಯಾದ್ದರಿಂದ ಹೋಲಿಕೆಯ ತೊಡಕು ಎರಡು ಕಡೆಯಿಂದ ಬಂದಿತು. ಈಗಲೂ ಆ ತೊಡಕು ಮುಗಿದಿಲ್ಲ. 2022-23ರ ಮನೆಬಳಕೆ ವೆಚ್ಚದ ಸಮೀಕ್ಷೆಯಲ್ಲಿ ಒಂದೇ ಮನೆಗೆ ಮೂರು ಸಲ ಹೋಗಿ ಆಹಾರ, ಬಳಕೆಯ ವಸ್ತು ಮತ್ತು ಸೇವೆಗಳು, ಬಾಳಿಕೆಯ ವಸ್ತು ಎಂದು ಬೇರೆಬೇರೆಯಾಗಿ ಕೇಳಲಾಗಿದೆ. ಅಳತೆ ಉತ್ತಮವಾಗಿರಬಹುದು, ಆದರೆ 2011-12ರ ಸಂಖ್ಯೆಯ ಪಕ್ಕದಲ್ಲಿ ಅದನ್ನು ನೇರವಾಗಿ ಇಡುವಾಗ ಎಚ್ಚರ ಬೇಕು.

ನಿವೃತ್ತ ಸಮೀಕ್ಷಕ:

ತಿದ್ದಿದ್ದಕ್ಕೆ ಧನ್ಯವಾದಗಳು, ನೀವು ಹೇಳಿದ್ದು ಸರಿ.

ತೀರ್ಥಹಳ್ಳಿಯ ಓದುಗ:

ಸಂಶೋಧಕಿಯವರ ವಿಷಯಕ್ಕೆ ಹತ್ತಿರದ ಒಂದು ಸಂಗತಿ. ನಮ್ಮ ಮನೆಗೆ ಒಮ್ಮೆ ಸಮೀಕ್ಷೆಯವರು ಬಂದಿದ್ದರು. ಅಡಿಕೆ ಕೊಯ್ಲಿನ ಕಾಲ. ಅಮ್ಮ ಮೆಟ್ಟುಗತ್ತಿಯ ಮುಂದೆ ಕುಳಿತು ಹಸಿ ಅಡಿಕೆ ಸುಲಿಯುತ್ತಿದ್ದರು, ಬೆಳಿಗ್ಗೆಯಿಂದ ಸುಲಿದದ್ದು ಎರಡು ಬುಟ್ಟಿ ತುಂಬಿತ್ತು. “ನೀವು ಏನು ಕೆಲಸ ಮಾಡುತ್ತೀರಿ?” ಎಂದು ಅವರು ಕೇಳಿದಾಗ ಅಮ್ಮ ಕೈ ನಿಲ್ಲಿಸದೆಯೇ “ಎಂತ ಕೆಲಸವೂ ಇಲ್ಲ, ಮನೇಲೇ ಇರೋದು” ಎಂದರು. ಬಂದವರು ಬುಟ್ಟಿಯನ್ನು ನೋಡಿದರು, ಅಮ್ಮನನ್ನು ನೋಡಿದರು, ಗೃಹಕೃತ್ಯ ಎಂದು ಬರೆದುಕೊಂಡರು. ಅಮ್ಮ ಸುಳ್ಳು ಹೇಳಲಿಲ್ಲ. ಅವರ ಮಾತಿನಲ್ಲಿ ಕೆಲಸವೆಂದರೆ ಕೂಲಿ ಅಥವಾ ನೌಕರಿ. ಮರುವರ್ಷ ಕೇಳಿದರೂ ಅದೇ ಉತ್ತರ ಕೊಡುತ್ತಿದ್ದರು. ಎಷ್ಟು ಸಲ ಕೇಳಿದರೂ ಬದಲಾಗದ, ಆದರೆ ತಪ್ಪಾದ ಉತ್ತರ ಅದು.

ಅರ್ಥಶಾಸ್ತ್ರ ಸಂಶೋಧಕ:

ಇದೇ ಕಾರಣಕ್ಕೆ 1991ರ ಜನಗಣತಿಯಲ್ಲಿ ಕೆಲಸದ ಪ್ರಶ್ನೆಗೆ ‘ಹೊಲದಲ್ಲಿ ಅಥವಾ ಮನೆಯ ಉದ್ಯಮದಲ್ಲಿ ಸಂಬಳವಿಲ್ಲದೆ ಮಾಡುವ ಕೆಲಸವೂ ಸೇರಿದಂತೆ’ ಎಂಬರ್ಥದ ಮಾತನ್ನು ಸೇರಿಸಿದರು. ಸಮಯ ಬಳಕೆ ಸಮೀಕ್ಷೆ ಇನ್ನೂ ಮುಂದೆ ಹೋಗಿ ‘ಕೆಲಸ’ ಎಂಬ ಪದವನ್ನೇ ಬಿಟ್ಟುಬಿಡುತ್ತದೆ. ಹಿಂದಿನ ದಿನ ಬೆಳಗಿನ ಜಾವ 4 ಗಂಟೆಯಿಂದ ಅರ್ಧರ್ಧ ಗಂಟೆಗೆ ಏನು ಮಾಡಿದಿರಿ ಎಂದು ಕೇಳುತ್ತ ಹೋಗುತ್ತದೆ. 2019ರ ಸಮೀಕ್ಷೆಯಲ್ಲಿ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದವರ ಪೈಕಿ ಮಹಿಳೆಯರು ದಿನಕ್ಕೆ ಸರಾಸರಿ 299 ನಿಮಿಷ, ಪುರುಷರು 97 ನಿಮಿಷ ಕಳೆಯುತ್ತಾರೆಂದು ಬಂದಿತು. “ಏನು ಕೆಲಸ?” ಎಂಬ ಪ್ರಶ್ನೆಗೆ “ಏನೂ ಇಲ್ಲ” ಎನ್ನುವವರ ಸುಮಾರು ಐದು ಗಂಟೆಗಳು ಹೀಗೆ ಕಣ್ಣಿಗೆ ಬಿದ್ದವು.

ಮಾನವಶಾಸ್ತ್ರದ ಆಸಕ್ತ, ಮೈಸೂರು:

ಇಷ್ಟೆಲ್ಲ ಓದಿದ ಮೇಲೆ ಒಂದು ಪ್ರಶ್ನೆ ಕೇಳುತ್ತೇನೆ. ಐದು ಹಂತಗಳ ಈ ಮಾಪನಿಯೇ ಏಕೆ ಬೇಕು? ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಅವರು 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ತಿಂಗಳುಗಟ್ಟಲೆ ಇದ್ದು, ಯಾರು ಯಾರ ಮಾತಿಗೆ ಎದ್ದು ನಿಲ್ಲುತ್ತಾರೆ, ಯಾರು ಯಾರ ಮನೆಯಲ್ಲಿ ಉಣ್ಣುತ್ತಾರೆ ಎಂದು ನೋಡಿ ತಿಳಿದರು. ಮನೆಯೊಳಗಿನ ಅಧಿಕಾರ ಯಾರದೆಂದು ಅರಿಯಲು ಒಂದು ಬೀದಿಯಲ್ಲಿ ಆರು ತಿಂಗಳು ಇದ್ದರೆ 400 ಪ್ರಶ್ನಾವಳಿಗಳಿಗಿಂತ ಹೆಚ್ಚು ತಿಳಿಯುತ್ತದೆ ಎಂದು ನಾನು ನಂಬಿದ್ದೇನೆ.

ಸಂಖ್ಯಾಶಾಸ್ತ್ರದ ಮೇಷ್ಟ್ರು, ಧಾರವಾಡ:

ನಿಮ್ಮ ಮಾತಿನ ಅರ್ಧವನ್ನು ಒಪ್ಪುತ್ತೇನೆ. ಆದರೆ ನೀವು ಕಂಡದ್ದನ್ನು ಇನ್ನೊಬ್ಬರು ಹೋದರೂ ಕಾಣುತ್ತಾರೆಯೇ? ಶ್ರೀನಿವಾಸ್ ಅವರ ಸಂಸ್ಕರಿಸಿದ ಟಿಪ್ಪಣಿಗಳು 1970ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಬೆಂಕಿಗೆ ಆಹುತಿಯಾದವು, ಆಮೇಲೆ ಅವರು ನೆನಪಿನ ಬಲದಿಂದ ಬರೆದರು. ಅದು ಅಪರೂಪದ ಬರಹ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಎಲ್ಲ ಸಂಶೋಧಕರಿಗೂ ಆ ಕಣ್ಣು ಇರುವುದಿಲ್ಲವಲ್ಲ. ವಿಶ್ವಾಸಾರ್ಹತೆಯ ಪ್ರಶ್ನೆ ಹುಟ್ಟಿದ್ದೇ ಸಾಮಾನ್ಯ ಕಣ್ಣುಗಳಿಗಾಗಿ. ಸಂಖ್ಯಾಶಾಸ್ತ್ರಜ್ಞ ಮಹಾಲನೋಬಿಸ್ ಅವರು ಒಂದೇ ಪ್ರದೇಶದ ಮಾದರಿಯನ್ನು ಒಂದರೊಳಗೊಂದು ಹೆಣೆದ ಉಪಮಾದರಿಗಳಾಗಿ ಒಡೆದು, ಬೇರೆಬೇರೆ ತಂಡಗಳಿಗೆ ಕೊಟ್ಟು, ತಂಡಗಳ ಫಲಿತಾಂಶಗಳನ್ನು ಹೋಲಿಸುತ್ತಿದ್ದರು. ಅಂತರ ಹೆಚ್ಚಿದ್ದರೆ ಅದು ಊರಿನ ಗುಣವಲ್ಲ, ತಂಡದ ದೋಷವಿರಬೇಕೆಂದು ತಿಳಿಯುತ್ತಿತ್ತು.

ಇನ್ನೊಂದು ಕಟ್ಟುನಿಟ್ಟಿನ ಗಣಿತವೂ ಇದೆ. ಒಂದು ಅಳತೆಯ ವಿಶ್ವಾಸಾರ್ಹತೆ 0.49 ಆಗಿದ್ದರೆ, ಇನ್ನಾವುದೇ ಸಂಗತಿಯ ಜೊತೆ ಅದರ ಸಹಸಂಬಂಧ 0.70ನ್ನು ಮೀರುವುದು ಸಾಧ್ಯವಿಲ್ಲ, ಏಕೆಂದರೆ ವರ್ಗಮೂಲವೇ ಅದರ ಮೇಲ್ಮಿತಿ. ಆದ್ದರಿಂದ ಆಲ್ಫಾವನ್ನು ಬಯ್ಯುವ ಭರದಲ್ಲಿ ವಿಶ್ವಾಸಾರ್ಹತೆಯನ್ನೇ ಕೈಬಿಡಬೇಡಿ. ಅದು ಸಾಲದು ಎಂಬುದು ನಿಜ, ಆದರೆ ಅದಿಲ್ಲದೆ ಮುಂದೆ ಹೆಜ್ಜೆ ಇಡಲಾಗುವುದಿಲ್ಲ.

ಮಾನವಶಾಸ್ತ್ರದ ಆಸಕ್ತ, ಮೈಸೂರು:

ಹೆಜ್ಜೆ ಇಡುವ ದಿಕ್ಕೇ ತಪ್ಪಿದ್ದರೆ ವರ್ಗಮೂಲ ಕಟ್ಟಿಕೊಂಡು ಏನು ಮಾಡುವುದು? ಮೊದಲು ಆ ಹಳ್ಳಿಯಲ್ಲಿ ‘ತೀರ್ಮಾನ’ ಎಂಬುದು ಹೇಗೆ ನಡೆಯುತ್ತದೆ ಎಂದು ತಿಳಿಯಲಿ, ಆಮೇಲೆ ಮಾಪನಿ ಮಾಡಲಿ ಎನ್ನುವುದಷ್ಟೇ ನನ್ನ ವಾದ.

ಕ್ಷೇತ್ರ ಕಾರ್ಯಕರ್ತೆ, ರಾಯಚೂರು:

ನೀವಿಬ್ಬರೂ ಹೇಳುತ್ತಿರುವುದು ಒಂದೇ ಕೆಲಸದ ಎರಡು ಹಂತಗಳು ಎಂದು ನನಗೆ ತೋರುತ್ತದೆ. ನಾನು ಹನ್ನೆರಡು ವರ್ಷದಿಂದ ಮಹಿಳಾ ಗುಂಪುಗಳ ಜೊತೆ ಕೆಲಸ ಮಾಡುತ್ತಿದ್ದೇನೆ, ಸಂಶೋಧಕರ ಪ್ರಶ್ನಾವಳಿಗಳನ್ನು ಹೊತ್ತು ಮನೆಮನೆ ತಿರುಗಿದ್ದೇನೆ. ಸಂಶೋಧಕಿ ತಂಗೀ, ನಿಮ್ಮ ಹೇಳಿಕೆಗಳಲ್ಲಿ ‘ಕೇಳು’ ಎಂಬ ಕ್ರಿಯಾಪದ ಎಷ್ಟು ಸಲ ಬಂದಿದೆ ಎಂದು ಒಮ್ಮೆ ಎಣಿಸಿ ನೋಡಿ.

ಕಾರಣ ಹೇಳುತ್ತೇನೆ. “ಮನೆಯವರು ನನ್ನ ಮಾತು ಕೇಳುತ್ತಾರೆ” ಎಂಬ ಹೇಳಿಕೆಯನ್ನು ಒಬ್ಬಾಕೆ ‘ಕಿವಿಗೊಡುತ್ತಾರೆ’ ಎಂದು ತಿಳಿಯುತ್ತಾಳೆ, ಇನ್ನೊಬ್ಬಾಕೆ ‘ಹೇಳಿದಂತೆ ನಡೆಯುತ್ತಾರೆ’ ಎಂದು ತಿಳಿಯುತ್ತಾಳೆ. ಇಬ್ಬರೂ ‘ಒಪ್ಪುತ್ತೇನೆ’ ಎಂದರೆ ಇಬ್ಬರಿಗೂ ಒಂದೇ ಅಂಕ ಬೀಳುತ್ತದೆ. ಇನ್ನು ತವರಿಗೆ ಹೋಗುವ ಪ್ರಶ್ನೆ. ಗಂಡನನ್ನು ಕೇಳಿ ಹೋಗುವುದು ಬೇರೆ, ಗಂಡನಿಗೆ ಹೇಳಿ ಹೋಗುವುದು ಬೇರೆ. ಕೇಳಿ ಹೋಗುವವಳಿಗೆ ಅವನು ಬೇಡವೆಂದರೆ ಹೋಗಲಿಕ್ಕಿಲ್ಲ. ಹೇಳಿ ಹೋಗುವವಳು ಸುದ್ದಿ ಮುಟ್ಟಿಸಿ ಹೊರಡುತ್ತಾಳೆ. ನಮ್ಮ ಹೆಂಗಸರು ಈ ಎರಡು ಮಾತುಗಳನ್ನು ಎಂದೂ ಒಂದರ ಬದಲು ಒಂದು ಬಳಸುವುದಿಲ್ಲ. ಒಮ್ಮೆ ನಾನು “ಕೇಳಿ ಹೋಗ್ತೀರೇನ್ರಿ?” ಎಂದದ್ದಕ್ಕೆ ಮಾನ್ವಿ ಕಡೆಯ ಒಬ್ಬ ಅಜ್ಜಿ ನನ್ನನ್ನೇ ತಿದ್ದಿದರು: “ಕೇಳೂದಿಲ್ಲವಾ, ಹೇಳತೀನಿ.” ಅಧಿಕಾರದ ಇಡೀ ಪ್ರಶ್ನೆ ಆ ಒಂದು ಅಕ್ಷರದ ವ್ಯತ್ಯಾಸದಲ್ಲಿತ್ತು. ಇಂಗ್ಲಿಷಿನಿಂದ ಬಂದ ನನ್ನ ಹಾಳೆಯಲ್ಲಿ ಎರಡಕ್ಕೂ ಒಂದೇ ಕಾಲಂ ಇತ್ತು.

ಶಿರಾದ ಸಂಶೋಧಕಿ:

ಅಕ್ಕಾ, ಈಗಷ್ಟೇ ಎಣಿಸಿದೆ. ಏಳು ಹೇಳಿಕೆಗಳಲ್ಲಿ ‘ಕೇಳು’ ಇದೆ. ನಾನು ಹಿಮ್ಮುಖ ಅನುವಾದವನ್ನೂ ಮಾಡಿಸಿದ್ದೆ. ಇಂಗ್ಲಿಷ್ ಅಧ್ಯಾಪಕರೊಬ್ಬರು ನನ್ನ ಕನ್ನಡವನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸಿದಾಗ ಮೂಲದ ಜೊತೆ ಪೂರ್ತಿ ಹೊಂದಿತ್ತು. ಅದನ್ನೇ ನಂಬಿ ನಿಶ್ಚಿಂತೆಯಿಂದ ಇದ್ದೆ.

ಮನಶ್ಶಾಸ್ತ್ರದ ವಿದ್ಯಾರ್ಥಿ:

ಹಿಮ್ಮುಖ ಅನುವಾದದ ದೌರ್ಬಲ್ಯವೇ ಅದು. ಇಂಗ್ಲಿಷ್ ಬಲ್ಲ ಇಬ್ಬರು ಒಂದೇ ನಿಘಂಟನ್ನು ತಲೆಯಲ್ಲಿಟ್ಟುಕೊಂಡು ಹೋಗಿಬಂದರೆ ಎರಡು ತುದಿಗಳು ಹೊಂದಿಯೇ ಹೊಂದುತ್ತವೆ. ಮಧ್ಯದಲ್ಲಿರುವ ಕನ್ನಡ ವಾಕ್ಯ ರಾಗಿ ಕೇರುವವರಿಗೆ ಹೇಗೆ ಕೇಳಿಸುತ್ತದೆ ಎಂಬುದು ಆ ಪರೀಕ್ಷೆಯ ಕಣ್ಣಿಗೆ ಬೀಳುವುದಿಲ್ಲ. ಹತ್ತು ಜನ ಮಹಿಳೆಯರಿಗೆ ಹೇಳಿಕೆಯನ್ನು ಓದಿ, ಉತ್ತರ ಪಡೆಯುವ ಮೊದಲು “ಈ ಮಾತು ನಿಮಗೆ ಏನೆಂದು ಅರ್ಥವಾಯಿತು, ನಿಮ್ಮ ಮಾತಿನಲ್ಲಿ ಹೇಳಿ” ಎಂದು ಕೇಳಿ. ಮಾಪನಿಯ ದೋಷಗಳು ಅಲ್ಲಿಯೇ ಹೊರಬೀಳುತ್ತವೆ.

ಹಳೆಯ ಅಳತೆಗೋಲುಗಳ ಬಗ್ಗೆಯೂ ಒಂದು ಮಾತು ಸೇರಿಸುತ್ತೇನೆ, ಏಕೆಂದರೆ ಇದು ನಮ್ಮ ನಾಡಿನದೇ ಕಥೆ. ಫ್ರಾನ್ಸಿನ ಮನಶ್ಶಾಸ್ತ್ರಜ್ಞ ಬಿನೆ ರೂಪಿಸಿದ ಬುದ್ಧಿಪರೀಕ್ಷೆಯನ್ನು ವಿ.ವಿ. ಕಾಮತ್ ಅವರು 1930ರ ದಶಕದಲ್ಲಿ ಧಾರವಾಡದಲ್ಲಿದ್ದುಕೊಂಡು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಒಗ್ಗಿಸಿದರು. ಬರಿಯ ಅನುವಾದ ಮಾಡದೆ, ಯಾವ ಪ್ರಶ್ನೆ ಇಲ್ಲಿನ ಮಕ್ಕಳಿಗೆ ಯಾವ ವಯಸ್ಸಿಗೆ ಸಲ್ಲುತ್ತದೆ ಎಂದು ಮಕ್ಕಳ ಮೇಲೆಯೇ ಪರೀಕ್ಷಿಸಿ ಜಾಗ ಬದಲಿಸಿದರು. ಆ ಕಾಲಕ್ಕೆ ಅದು ಅಪಾರ ಶ್ರಮದ ಕೆಲಸ. ಆದರೆ ಬಿನೆ-ಕಾಮತ್ ಪರೀಕ್ಷೆಯನ್ನು ಇಂದಿಗೂ ಬಳಸುತ್ತಿದ್ದೇವೆ. ತೊಂಬತ್ತು ವರ್ಷದ ಹಿಂದಿನ ಮಕ್ಕಳ ಸರಾಸರಿಗೆ ಇಂದಿನ ಮಗುವನ್ನು ಹೋಲಿಸಿ ಬುದ್ಧಿಸೂಚ್ಯಂಕ ಬರೆದರೆ, ಎರಡು ವಾರದ ನಂತರ ಮತ್ತೆ ಪರೀಕ್ಷಿಸಿದಾಗಲೂ ಅದೇ ಅಂಕ ಬರಬಹುದು. ಆದರೆ ನೆರವು ಬೇಕಾದ ಮಗುವಿಗೆ ಹೆಚ್ಚಿನ ಅಂಕ ಬಂದು, ಆ ನೆರವಿಗೆ ಬೇಕಾದ ಪ್ರಮಾಣಪತ್ರ ತಪ್ಪಿಹೋದರೆ ಹೊಣೆ ಯಾರದು?

ಬಿ.ಎಡ್. ಉಪನ್ಯಾಸಕಿ:

ಕುಪ್ಪುಸ್ವಾಮಿ ಮಾಪನಿಯದೂ ಇದೇ ಕಥೆಯಲ್ಲವೇ? ಮೈಸೂರು ವಿಶ್ವವಿದ್ಯಾಲಯದ ಬಿ. ಕುಪ್ಪುಸ್ವಾಮಿ ಅವರು ಮನೆಯ ಯಜಮಾನನ ಶಿಕ್ಷಣ, ಉದ್ಯೋಗ ಮತ್ತು ಕುಟುಂಬದ ಆದಾಯಕ್ಕೆ ಅಂಕ ಕೊಟ್ಟು ನಗರದ ಕುಟುಂಬಗಳ ಸ್ಥಾನಮಾನ ಗುರುತಿಸುವ ಕ್ರಮ ಮಾಡಿದರು. 1976ರ ಆದಾಯದ ಪಟ್ಟಿಯನ್ನು ಬೆಲೆ ಸೂಚ್ಯಂಕದ ಪ್ರಕಾರ ಆಗಾಗ ತಿದ್ದುತ್ತಲೇ ಇದ್ದಾರೆ. ಆದರೆ ಆದಾಯ ಎಂದರೆ ಏನು ಎಂಬ ಪ್ರಶ್ನೆಯನ್ನು ಯಾರೂ ತಿದ್ದುತ್ತಿಲ್ಲ. ಅದು ನಗರಕ್ಕೆಂದು ಮಾಡಿದ ಮಾಪನಿ, ಅದನ್ನು ಹಳ್ಳಿಗೂ ಹೊತ್ತುಕೊಂಡು ಹೋಗುವವರಿದ್ದಾರೆ.

ಹಾವೇರಿಯ ಓದುಗ:

ಸಂಶೋಧಕಿಯವರೇ, ಆ ‘ತಟಸ್ಥ’ ಎಂಬ ನಡುವಿನ ಹಂತಕ್ಕೆ ಹಳ್ಳಿಯವರು ಏನೆಂದು ಉತ್ತರಿಸಿದರು?

ಶಿರಾದ ಸಂಶೋಧಕಿ:

ಹೆಚ್ಚಿನವರಿಗೆ ಆ ಪದ ಅರ್ಥವಾಗಲಿಲ್ಲ. ಅರ್ಥವಾದವರು ಅದನ್ನು ‘ಗೊತ್ತಿಲ್ಲ’ ಎಂಬುದಕ್ಕೆ, ‘ಹೇಳಲು ಇಷ್ಟವಿಲ್ಲ’ ಎಂಬುದಕ್ಕೆ, ‘ಒಮ್ಮೊಮ್ಮೆ’ ಎಂಬುದಕ್ಕೆ, ಮೂರಕ್ಕೂ ಬಳಸಿದರು. ಮೂರಕ್ಕೂ ನಾನು 3 ಅಂಕ ಕೊಟ್ಟಿದ್ದೇನೆ.

ಕ್ಷೇತ್ರ ಕಾರ್ಯಕರ್ತೆ, ರಾಯಚೂರು:

ಹಿರಿಯರಿಗೆ ನಾನು ಆಣೆ ಲೆಕ್ಕದಲ್ಲಿ ಕೇಳುತ್ತೇನೆ. ಬೆಳೆ ಎಷ್ಟು ಬಂತೆಂದರೆ “ಎಂಟಾಣೆ ಬೆಳೆ, ಹನ್ನೆರಡಾಣೆ ಬೆಳೆ” ಎನ್ನುವುದು ರೂಢಿಯಲ್ಲಿದೆ, ಕಂದಾಯದವರ ಆಣೆವಾರಿಯೂ ಅದೇ. “ಈ ಮಾತು ಎಷ್ಟಾಣೆ ಖರೆ?” ಎಂದರೆ ಏನೂ ಇಲ್ಲ, ನಾಲ್ಕಾಣೆ, ಎಂಟಾಣೆ, ಹನ್ನೆರಡಾಣೆ, ಹದಿನಾರಾಣೆ ಎಂದು ಐದು ಹಂತಗಳು ಸಿಗುತ್ತವೆ, ಮತ್ತು ಅವರು ಮೊರ ಕೆಳಗಿಟ್ಟು ಯೋಚಿಸಿ ಹೇಳುತ್ತಾರೆ.

ಸಂಖ್ಯಾಶಾಸ್ತ್ರದ ಮೇಷ್ಟ್ರು, ಧಾರವಾಡ:

ಬಹಳ ಒಳ್ಳೆಯ ಉಪಾಯ, ಹಂತಗಳ ನಡುವಿನ ಅಂತರ ಸಮವೆಂದು ಉತ್ತರಿಸುವವರೇ ಭಾವಿಸುವ ಮಾಪನಿ ಅದು. ಆದರೆ ಒಂದು ಆಕ್ಷೇಪ. ಇಪ್ಪತ್ತೈದರ ಸೊಸೆಗೆ ಆಣೆಯ ಲೆಕ್ಕ ಎಷ್ಟು ಗೊತ್ತು? ಅತ್ತೆಗೆ ಒಂದು ಅಳತೆಗೋಲು, ಸೊಸೆಗೆ ಇನ್ನೊಂದು ಆದರೆ ಇಬ್ಬರನ್ನು ಹೋಲಿಸುವ ಹಕ್ಕನ್ನು ನಾವು ಕಳೆದುಕೊಳ್ಳುತ್ತೇವೆ.

ಕ್ಷೇತ್ರ ಕಾರ್ಯಕರ್ತೆ, ರಾಯಚೂರು:

ಅದು ನಿಜ, ಸರ್. ಸೊಸೆಯರಿಗೆ ಹುಣಸೆಬೀಜ ಕೊಟ್ಟು, ನಾಲ್ಕರಲ್ಲಿ ಎಷ್ಟು ಇಡುತ್ತೀರಿ ಎಂದು ಕೇಳುತ್ತೇನೆ. ಎರಡೂ ಒಂದೇ ಅಳತೆ ಎಂದು ಸಿದ್ಧಪಡಿಸುವುದು ನನ್ನ ಕೈಲಿಲ್ಲ, ಆ ಲೆಕ್ಕ ನಿಮ್ಮಂಥವರು ಮಾಡಬೇಕು.

ನಿವೃತ್ತ ಸಮೀಕ್ಷಕ:

ಯಾರೂ ಜಗಲಿಯ ಮೇಲಿನ ಅತ್ತೆಯ ಬಗ್ಗೆ ಮಾತನಾಡಲಿಲ್ಲ. ಎಷ್ಟೇ ಒಳ್ಳೆಯ ಹೇಳಿಕೆ ಬರೆದರೂ ಅತ್ತೆಯ ಕಿವಿಗೆ ಬೀಳುವಂತೆ ಕೇಳಿದರೆ ಬರುವ ಉತ್ತರ ಅತ್ತೆಗೆ ಕೊಟ್ಟ ಉತ್ತರ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಮನೆಯೊಳಗಿನ ಹಿಂಸೆಯ ಪ್ರಶ್ನೆಗಳನ್ನು ಒಂದು ಮನೆಯಲ್ಲಿ ಒಬ್ಬ ಮಹಿಳೆಗೆ ಮಾತ್ರ ಕೇಳುತ್ತಾರೆ, ಏಕಾಂತ ಸಿಗದಿದ್ದರೆ ಆ ಭಾಗವನ್ನೇ ಬಿಟ್ಟುಬಿಡುತ್ತಾರೆ. ‘ಹಿಂಸೆ ಆಗಿದೆಯೇ?’ ಎಂದೂ ಕೇಳುವುದಿಲ್ಲ. ತಳ್ಳಿದರೇ, ಕೆನ್ನೆಗೆ ಹೊಡೆದರೇ, ಕೂದಲು ಹಿಡಿದು ಎಳೆದರೇ ಎಂದು ಒಂದೊಂದನ್ನೂ ಬಿಡಿಸಿ ಕೇಳುತ್ತಾರೆ. ನೀವೂ ಅಭಿಪ್ರಾಯ ಕೇಳುವುದನ್ನು ಕಡಿಮೆ ಮಾಡಿ, ನಡೆದದ್ದನ್ನು ಕೇಳಿ. ಗುಂಪಿನಿಂದ ಸಾಲ ತೆಗೆದಾಗ ಹಣ ಯಾರ ಕೈಗೆ ಹೋಯಿತು? ಕಂತು ಕಟ್ಟಲು ದುಡ್ಡು ಎಲ್ಲಿಂದ ಬಂದಿತು? ಅವರ ಮಾತನ್ನು ಗುಂಪಿನ ನಡಾವಳಿ ಪುಸ್ತಕದ ಜೊತೆ, ಪಾಸ್‌ಬುಕ್ಕಿನ ಜೊತೆ ಒಪ್ಪಿಗೆ ಪಡೆದು ತಾಳೆ ನೋಡಬಹುದು. ಸಿಂಧುತ್ವಕ್ಕೆ ಹೊರಗಿನ ಸಾಕ್ಷಿ ನಿಮ್ಮ ಕೈಗೆಟುಕುವ ದೂರದಲ್ಲಿಯೇ ಇದೆ.

ಶಿರಾದ ಸಂಶೋಧಕಿ:

ಐದು ವಾರಗಳ ನಂತರ ಬರೆಯುತ್ತಿದ್ದೇನೆ, ತಡವಾದದ್ದಕ್ಕೆ ಕ್ಷಮೆಯಿರಲಿ. ಮಾರ್ಗದರ್ಶಕರಿಗೆ ಎಲ್ಲವನ್ನೂ ವಿವರಿಸಿದೆ. ಮೊದಲು ಒಪ್ಪಲಿಲ್ಲ. ವಿರುದ್ಧ ಹೇಳಿಕೆಗಳಿಗೂ ಹೂಂ ಬಂದ ಹಾಳೆಗಳನ್ನು ಮುಂದಿಟ್ಟಾಗ ಬಹಳ ಹೊತ್ತು ನೋಡಿ, ಆರು ತಿಂಗಳ ಕಾಲಾವಕಾಶಕ್ಕೆ ಸಹಿ ಹಾಕಿದರು.

ಈಗ 24ರಲ್ಲಿ 9 ಹೇಳಿಕೆಗಳು ಉಳಿದಿವೆ. ‘ಕೇಳಿ’ ಮತ್ತು ‘ಹೇಳಿ’ ಬೇರೆಬೇರೆ ಪ್ರಶ್ನೆಗಳಾಗಿವೆ. ಕಳೆದ ಸಲ ತವರಿಗೆ ಹೋದದ್ದು, ಕಳೆದ ಸಲ ಆಸ್ಪತ್ರೆಗೆ ಹೋದದ್ದು, ಕೊನೆಯ ಸಾಲದ ಹಣ, ಹೀಗೆ ನಡೆದ ಸಂಗತಿಗಳನ್ನು ಕೇಳುತ್ತಿದ್ದೇನೆ. ಕೆರೆ ಏರಿಯ ಮೇಲೆ, ಹಾಲಿನ ಡೈರಿಯಿಂದ ವಾಪಸ್ಸು ಬರುವ ದಾರಿಯಲ್ಲಿ, ಅತ್ತೆಯಂದಿರು ಇಲ್ಲದ ಕಡೆ ಮಾತನಾಡಿಸುತ್ತೇನೆ. ಆಲ್ಫಾ 0.7ಕ್ಕಿಂತ ಕೆಳಗೆ ಇಳಿದಿದೆ. ಎರಡು ವಾರ ಬಿಟ್ಟು ಅವರನ್ನೇ ಮತ್ತೆ ಕೇಳಿ ತಾಳೆ ನೋಡಬೇಕೆಂದಿದ್ದೇನೆ.

ಹೊಸದೊಂದು ಸಮಸ್ಯೆ ಎದುರಾಗಿದೆ. ಒಬ್ಬರು ವಿಧವೆ, ನಲವತ್ತರ ಆಸುಪಾಸಿನವರು. ಆಸ್ಪತ್ರೆಗೆ ಹೋಗುವುದನ್ನು, ಮೇಕೆ ಮಾರುವುದನ್ನು, ಮಗನ ಶಾಲೆಯನ್ನು ಎಲ್ಲವನ್ನೂ ಅವರೇ ತೀರ್ಮಾನಿಸುತ್ತಾರೆ. “ನೀವೇ ತೀರ್ಮಾನ ಮಾಡುತ್ತೀರಾ?” ಎಂದಾಗ “ಇನ್ಯಾರವ್ರೆ ನಂಗೆ?” ಎಂದರು. ಜ್ವರ ಬಂದ ದಿನ ಆಸ್ಪತ್ರೆಗೆ ಹೋಗಲು ಜೊತೆಗಾರರಿಲ್ಲದೆ ಮೂರು ದಿನ ಮಲಗಿದ್ದೆ ಎಂದೂ ಹೇಳಿದರು. ನನ್ನ ಹಾಳೆಯಲ್ಲಿ ಇಡೀ ಹಳ್ಳಿಗೆ ಅತಿ ಹೆಚ್ಚು ಅಂಕ ಬಂದಿರುವುದು ಅವರಿಗೆ.

ಅರ್ಥಶಾಸ್ತ್ರ ಸಂಶೋಧಕ:

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಈ ಮಾದರಿಯ ಪ್ರಶ್ನೆಗಳನ್ನು, ಅಂದರೆ ತನ್ನ ಆರೋಗ್ಯ, ಮನೆಯ ದೊಡ್ಡ ಖರೀದಿ, ನೆಂಟರ ಮನೆಗೆ ಹೋಗುವುದು, ಸದ್ಯ ದಾಂಪತ್ಯದಲ್ಲಿರುವ ಮಹಿಳೆಯರಿಗಷ್ಟೇ ಕೇಳುತ್ತಾರೆ. ನೀವೂ ವಿಧವೆಯರನ್ನು ಮಾದರಿಯಿಂದ ಬಿಡಬಹುದು.

ಕ್ಷೇತ್ರ ಕಾರ್ಯಕರ್ತೆ, ರಾಯಚೂರು:

ದಯವಿಟ್ಟು ಬಿಡಬೇಡಿ. ಗುಂಪುಗಳಲ್ಲಿ ನಿಯಮಿತವಾಗಿ ಉಳಿತಾಯ ಕಟ್ಟುವವರು, ಸಭೆ ತಪ್ಪಿಸದವರು ಎಷ್ಟೋ ಕಡೆ ಅವರೇ. ಅವರನ್ನು ಬಿಟ್ಟರೆ ಗುಂಪಿನ ಚಿತ್ರವೇ ಬದಲಾಗುತ್ತದೆ.

ಮಾನವಶಾಸ್ತ್ರದ ಆಸಕ್ತ, ಮೈಸೂರು:

ನಾನೂ ಬಿಡಬೇಡಿ ಎನ್ನುತ್ತೇನೆ. ಆಕೆ ನಿಮ್ಮ ಅಳತೆಯ ದೋಷವಲ್ಲ. ನೀವು ಅಧಿಕಾರ ಎಂದುಕೊಂಡದ್ದರೊಳಗೆ ಒಂಟಿತನವೂ ಸೇರಿಕೊಂಡಿದೆ ಎಂದು ಆಕೆ ತೋರಿಸಿಕೊಟ್ಟಿದ್ದಾರೆ.

ಸಂಖ್ಯಾಶಾಸ್ತ್ರದ ಮೇಷ್ಟ್ರು, ಧಾರವಾಡ:

ಈ ಸಲ ಮೈಸೂರಿನವರ ಮಾತನ್ನು ಪೂರ್ತಿ ಒಪ್ಪುತ್ತೇನೆ. ಪ್ರತಿ ತೀರ್ಮಾನದ ಪ್ರಶ್ನೆಯ ಜೊತೆಗೆ “ಆಗ ನಿಮ್ಮ ಜೊತೆ ಯಾರಿದ್ದರು, ಯಾರಾದರೂ ಬೇಡವೆಂದಿದ್ದರೆ ಏನು ಮಾಡುತ್ತಿದ್ದಿರಿ?” ಎಂದು ಒಂದು ಸೇರಿಸಿ. ಎರಡನ್ನೂ ಕೂಡಿಸಿ ಒಂದೇ ಅಂಕ ಮಾಡಬೇಡಿ, ಬೇರೆಯಾಗಿಯೇ ಇಡಿ. ವಿಧವೆಯರ ಮತ್ತು ದಾಂಪತ್ಯದಲ್ಲಿರುವವರ ಉತ್ತರಗಳನ್ನು ಮೊದಲು ಪ್ರತ್ಯೇಕವಾಗಿ ನೋಡೋಣ. ಎರಡು ವಾರದ ನಂತರದ ಹಾಳೆಗಳು ಬಂದ ಮೇಲೆ, ಹೆಸರುಗಳನ್ನು ತೆಗೆದು ನನಗೆ ಕಳುಹಿಸಿ, ಲೆಕ್ಕವನ್ನು ಜೊತೆಯಲ್ಲಿ ಕುಳಿತೇ ಮಾಡೋಣ.

ಶಿರಾದ ಸಂಶೋಧಕಿ:

ಖಂಡಿತ ಕಳುಹಿಸುತ್ತೇನೆ, ಸರ್. ನಾಳೆ ಬೆಳಿಗ್ಗೆ ಮತ್ತೆ ಅವರ ಊರಿಗೆ ಹೋಗುತ್ತಿದ್ದೇನೆ. ಸಂದರ್ಶನಕ್ಕಲ್ಲ, ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಾಗಿದೆ.